ಅಜ್ಜನ ಟ್ರಂಕಿನಿಂದ ಡೇಟಾಬೇಸ್‌ವರೆಗೆ: ಸ್ಪ್ರೆಡ್‌ಶೀಟ್ ತುಂಬುವ ಕೆಲಸ

ಆರ್ಕೈವ್ಸ್ ಕೆಲಸ ಕಲಿಯಲು ಹೊರಟವರ ಕೈಗೆ ಬೇಗನೇ ಒಂದು ಸ್ಪ್ರೆಡ್‌ಶೀಟ್ ಬರುತ್ತದೆ. ನೂರಾರು ಕಡತಗಳ ವಿವರವನ್ನು ಒಂದೊಂದೇ ಫಾರ್ಮ್ ತೆರೆದು ಟೈಪ್ ಮಾಡುತ್ತಾ ಕೂತರೆ ಕೆಲಸ ಮುಗಿಯುವುದೇ ಇಲ್ಲ. ಅದರ ಬದಲು ಎಲ್ಲವನ್ನೂ ಒಂದು ಹಾಳೆಯಲ್ಲಿ ತುಂಬಿ, ಸಿಎಸ್‌ವಿ ಫೈಲ್ (ಕೋಶಗಳ ನಡುವೆ ಅಲ್ಪವಿರಾಮ ಇರುವ ಸರಳ ಪಠ್ಯದ ಫೈಲ್) ಮಾಡಿ, ಒಟ್ಟಿಗೇ ಡೇಟಾಬೇಸ್‌ಗೆ ಏರಿಸಬಹುದು. ನಾನು ಕಲಿಯುತ್ತಿರುವುದು ಆಟಮ್ ಎಂಬ ತಂತ್ರಾಂಶದಲ್ಲಿ. ಪೂರ್ತಿ ಹೆಸರು ಆಕ್ಸೆಸ್ ಟು ಮೆಮೊರಿ. ಇದು ಉಚಿತ, ಮುಕ್ತ ತಂತ್ರಾಂಶ. ಅಂತಾರಾಷ್ಟ್ರೀಯ ಆರ್ಕೈವ್ಸ್ ಮಂಡಳಿಯ ಬೆಂಬಲದಿಂದ ಶುರುವಾಗಿ, ಈಗ ಕೆನಡಾದ ಆರ್ಟಿಫ್ಯಾಕ್ಚುವಲ್ ಸಂಸ್ಥೆಯ ಕೈಯಲ್ಲಿ ಬೆಳೆಯುತ್ತಿದೆ. ಬೇರೆ ತಂತ್ರಾಂಶಗಳಲ್ಲಿ ಕಾಲಂಗಳ ಹೆಸರು ಬೇರೆ ಇರಬಹುದು, ಆದರೆ ತಲೆಕೆಡಿಸುವ ಸಂಗತಿಗಳು ಹೆಚ್ಚುಕಡಿಮೆ ಇವೇ.

ಅಭ್ಯಾಸಕ್ಕೆ ನಾನು ತೆಗೆದುಕೊಂಡದ್ದು ನಮ್ಮ ಅಜ್ಜನ ಟ್ರಂಕು. ಅದರಲ್ಲಿ ಅಡಿಕೆ ಮಂಡಿಯ ಚೀಟಿಗಳು, ಕಂದಾಯದ ರಸೀದಿಗಳು, ಲೆಕ್ಕದ ಪುಸ್ತಕಗಳು, ನೆಂಟರು ಬರೆದ ಕಾಗದಗಳು ಇವೆ. ಒಂದು ಚೀಟಿಯ ಕಟ್ಟಿಗೆ ಬಾಳೆನಾರಿನ ಹುರಿ ಇನ್ನೂ ಹಾಗೇ ಇದೆ.

ಹಾಳೆ ಚಪ್ಪಟೆ, ಸಂಗ್ರಹ ಮರ

ಇಡೀ ಟಿಪ್ಪಣಿಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸ್ಪ್ರೆಡ್‌ಶೀಟ್‌ನಲ್ಲಿ ಎಲ್ಲ ಸಾಲುಗಳೂ ಒಂದೇ ಮಟ್ಟದಲ್ಲಿವೆ. ದಾಖಲೆಗಳು ಹಾಗಲ್ಲ. ಇಡೀ ಟ್ರಂಕು ಒಂದು ಫಾಂಡ್ಸ್, ಅಂದರೆ ಒಬ್ಬರ ಅಥವಾ ಒಂದು ಮನೆತನದ ಕೈಯಿಂದ ಬಂದ ಒಟ್ಟು ಸಂಗ್ರಹ. ಅದರೊಳಗೆ ಸರಣಿ, ಸರಣಿಯೊಳಗೆ ಕಡತ, ಕಡತದೊಳಗೆ ಬಿಡಿ ದಾಖಲೆ. ಈ ಮರವನ್ನು ಚಪ್ಪಟೆ ಹಾಳೆಯಲ್ಲಿ ಹಿಡಿದಿಡುವುದು ಎರಡೇ ಕಾಲಂಗಳು: ಲೆಗಸಿ ಐಡಿ ಮತ್ತು ಪೇರೆಂಟ್ ಐಡಿ. ಮೊದಲನೆಯದು ಈ ಸಾಲಿನ ಸ್ವಂತ ಸಂಖ್ಯೆ. ಎರಡನೆಯದು ಈ ಸಾಲು ಯಾರ ಮಗು ಅನ್ನುವುದು.

ನನ್ನ ಹಾಳೆಯ ಮೊದಲ ಐದು ಸಾಲು ಹೀಗಿವೆ (ಲೆಗಸಿ ಐಡಿ, ಪೇರೆಂಟ್ ಐಡಿ, ಶೀರ್ಷಿಕೆ, ಹಂತ ಈ ಕ್ರಮದಲ್ಲಿ):

1, ಖಾಲಿ, ಕುಟುಂಬದ ಕಾಗದಪತ್ರಗಳು, ಫಾಂಡ್ಸ್
2, 1, ಅಡಿಕೆ ವ್ಯಾಪಾರದ ಕಾಗದಗಳು, ಸರಣಿ
3, 2, ಮಂಡಿಯ ಚೀಟಿಗಳು, ಕಡತ
4, 1, ಮನೆಗೆ ಬಂದ ಪತ್ರಗಳು, ಸರಣಿ
5, 4, ಶಿವಮೊಗ್ಗದಿಂದ ಬಂದ ಪತ್ರಗಳು, ಕಡತ

ನಾಲ್ಕನೇ ಸಾಲು ನೋಡಿ. ಅದು ಮೂರರ ಕೆಳಗೆ ಕೂತಿದೆ, ಆದರೆ ಅದರ ತಾಯಿ 1. ಜಾಗ ನೋಡಿ ಸಂಬಂಧ ಹೇಳಲು ಬರುವುದಿಲ್ಲ, ಸಂಖ್ಯೆಯನ್ನೇ ನೋಡಬೇಕು. ಇಷ್ಟಾದರೂ ಒಂದು ವಿಷಯದಲ್ಲಿ ಜಾಗಕ್ಕೂ ಬೆಲೆಯಿದೆ: ತಾಯಿ ಸಾಲು ಯಾವಾಗಲೂ ಮಗುವಿನ ಸಾಲಿಗಿಂತ ಮೇಲೆ ಇರಬೇಕು. ತಂತ್ರಾಂಶ ಮೇಲಿನಿಂದ ಕೆಳಗೆ ಓದುತ್ತದೆ. ಇನ್ನೂ ಹುಟ್ಟದ ತಾಯಿಗೆ ಮಗುವನ್ನು ಕೊಡಲು ಅದಕ್ಕೆ ಆಗುವುದಿಲ್ಲ.

ನಾನು ಎಡವಿದ್ದೂ ಇಲ್ಲೇ. ಶೀರ್ಷಿಕೆಗಳು ಅಕಾರಾದಿಯಲ್ಲಿ ಇದ್ದರೆ ಚೆಂದ ಅಂತ ಆ ಒಂದು ಕಾಲಂ ಮಾತ್ರ ಆರಿಸಿ ಸಾರ್ಟ್ ಮಾಡಿಬಿಟ್ಟೆ. ಶೀರ್ಷಿಕೆಗಳು ಕದಲಿದವು, ಸಂಖ್ಯೆಗಳು ಇದ್ದಲ್ಲೇ ಉಳಿದವು. ಮಂಡಿ ಚೀಟಿಗಳು ಪತ್ರಗಳ ಸರಣಿಗೆ ಸೇರಿದವು. ಹಾಳೆ ನೋಡಲು ಮಾತ್ರ ಅಚ್ಚುಕಟ್ಟಾಗೇ ಇತ್ತು, ಹಾಗಾಗಿ ಎರಡು ದಿನ ನನಗೆ ಗೊತ್ತೇ ಆಗಲಿಲ್ಲ. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಪ್ರತಿದಿನ ಕೆಲಸ ಶುರು ಮಾಡುವ ಮೊದಲು ಆ ದಿನದ ತಾರೀಕು ಹಾಕಿ ಹಾಳೆಯ ಹೊಸ ಪ್ರತಿ ಉಳಿಸುತ್ತೇನೆ.

ಯಾವ ಸಾಲಿನಲ್ಲಿ ಎಷ್ಟು ಬರೆಯಬೇಕು

ವಿವರಣೆಯ ನಿಯಮಗಳು ಬರುವುದು ಇಸಾಡ್-ಜಿ ಎಂಬ ಅಂತಾರಾಷ್ಟ್ರೀಯ ಮಾನದಂಡದಿಂದ. ಎರಡನೇ ಆವೃತ್ತಿಯನ್ನು 1999ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಪ್ಪಿಕೊಳ್ಳಲಾಯಿತು. ಅದರಲ್ಲಿ 26 ಅಂಶಗಳಿವೆ. ಹೆದರಬೇಡಿ, ಬಿಡದೆ ಕೊಡಬೇಕಾದವು ಆರೇ: ಉಲ್ಲೇಖ ಸಂಖ್ಯೆ, ಶೀರ್ಷಿಕೆ, ಸೃಷ್ಟಿಸಿದವರು, ದಿನಾಂಕ, ಎಷ್ಟಿದೆ ಅನ್ನುವ ಅಳತೆ, ಯಾವ ಹಂತದ ವಿವರಣೆ.

ಅದರ ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ಮೇಲಿನ ಹಂತದಲ್ಲಿ ಹೇಳಿದ್ದನ್ನು ಕೆಳಗೆ ಮತ್ತೆ ಹೇಳಬಾರದು. ಅಜ್ಜ ಯಾರು, ಟ್ರಂಕು ನಮಗೆ ಹೇಗೆ ಬಂತು ಅನ್ನುವುದು ಫಾಂಡ್ಸ್ ಸಾಲಿನಲ್ಲಿ ಒಂದೇ ಸಲ. ಕೆಳಗಿನ ಸಾಲುಗಳಲ್ಲಿ ಆ ಕೋಶಗಳು ಖಾಲಿಯೇ ಇರಲಿ. ಖಾಲಿ ಕೋಶ ಕಂಡರೆ ಕೈ ಸುಮ್ನೆ ಇರಲ್ಲ, ಎಳೆದು ಕಾಪಿ ಮಾಡೋಣ ಅನ್ನಿಸುತ್ತದೆ. ಬೇಡ. ಸೃಷ್ಟಿಸಿದವರ ಹೆಸರನ್ನು ಆಟಮ್ ಮೇಲಿನ ಹಂತದಿಂದ ತಾನೇ ತಂದು ಕೆಳಗಿನ ಪುಟಗಳಲ್ಲಿ ತೋರಿಸುತ್ತದೆ.

ಉಳಿದ ಶ್ರಮವನ್ನು ಒಳವಿವರದ ಕಾಲಂಗೆ, ಅಂದರೆ ಒಳಗೆ ಏನಿದೆ ಅಂತ ಹೇಳುವ ಕಾಲಂಗೆ ಕೊಡಿ. "ಹಳೆಯ ಚೀಟಿಗಳು" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ನಾನು ಮೂರನೇ ಸಾಲಿಗೆ ಬರೆದದ್ದು ಇದು: "ಅಡಿಕೆ ಮಾರಿದಾಗ ಮಂಡಿಯವರು ಕೊಟ್ಟ ಚೀಟಿಗಳು. ತೂಕ, ದರ, ಕಳೆದ ಮುಂಗಡ, ಕೈಗೆ ಬಂದ ಹಣ ನಮೂದಾಗಿವೆ. ಕೆಲವು ಚೀಟಿಗಳ ಹಿಂದೆ ಮನೆಯ ಸಾಮಾನಿನ ಪಟ್ಟಿ ಇದೆ." ಸಾಲದ ಬಗ್ಗೆ ಹುಡುಕುವವರಿಗೂ ಅಡುಗೆಮನೆಯ ಬಗ್ಗೆ ಹುಡುಕುವವರಿಗೂ ಈ ಕಡತ ಈಗ ಸಿಗುತ್ತದೆ ಅಲ್ವಾ?

ದಿನಾಂಕ: ಕಾಗದದ ಮಾತು ಬೇರೆ, ಯಂತ್ರದ ಲೆಕ್ಕ ಬೇರೆ

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಈ ಕಾಲಂ. ಒಂದು ಚೀಟಿಯ ಮೇಲೆ "ನಂದನ ಸಂ|| ಚೈತ್ರ" ಅಂತ ಮಾತ್ರ ಇತ್ತು. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. 2012ರ ಯುಗಾದಿಗೆ ಶುರುವಾದದ್ದು ನಂದನ. ಅದರ ಹಿಂದಿನದು 1952, ಅದಕ್ಕೂ ಹಿಂದಿನದು 1892. ಅದೇ ಕಟ್ಟಿನ ಬೇರೆ ಚೀಟಿಗಳಲ್ಲಿ ಇಸವಿ ಇದ್ದದ್ದರಿಂದ ಇದು 1952 ಅಂತ ಖಚಿತವಾಯಿತು.

ಆಟಮ್‌ನ ಹಾಳೆಯಲ್ಲಿ ದಿನಾಂಕಕ್ಕೆ ಮೂರು ಕಾಲಂಗಳಿವೆ. ಮೊದಲನೆಯದು ಓದುಗರಿಗೆ ಕಾಣುವ ಬರಹ, ಅಲ್ಲಿ ಏನು ಬೇಕಾದರೂ ಬರೆಯಬಹುದು. ನಾನು "ನಂದನ ಸಂವತ್ಸರ, ಚೈತ್ರ (1952)" ಅಂತ ಬರೆದೆ. ಉಳಿದೆರಡು ಶುರು ಮತ್ತು ಕೊನೆಯ ದಿನಾಂಕ. ಅವು ಯಂತ್ರ ಹುಡುಕಲಿಕ್ಕೆ ಇರುವವು, ವರ್ಷ-ತಿಂಗಳು-ದಿನ ಈ ಕ್ರಮದಲ್ಲೇ ಇರಬೇಕು: 1952-03, 1952-04. ದಿನ ಗೊತ್ತಿಲ್ಲದಿದ್ದರೆ ಬಿಡಬಹುದು, ಊಹಿಸಿ 01 ಹಾಕಬೇಡಿ. ಕಾಗದ ಹೇಳದ ದಿನವನ್ನು ನಾವು ಅದರ ಬಾಯಲ್ಲಿ ಇಟ್ಟ ಹಾಗಾಗುತ್ತದೆ. ಈ ಎರಡು ಕಾಲಂಗಳಲ್ಲಿ ೧೯೫೨ ಅಂತ ಕನ್ನಡ ಅಂಕಿಯೂ ಬೇಡ. ಅದಕ್ಕೆ ಜಾಗ ಮೊದಲನೆಯ ಕಾಲಂನಲ್ಲಿದೆ.

ಎಕ್ಸೆಲ್ ತಾನಾಗಿ ಮಾಡುವ ಬದಲಾವಣೆಗಳು

ಉಲ್ಲೇಖ ಸಂಖ್ಯೆ 2/3 ಅಂತ ಬರೆದರೆ ಎಕ್ಸೆಲ್ ಅದನ್ನು ತಾರೀಕು ಮಾಡುತ್ತದೆ. 001 ಬರೆದರೆ 1 ಮಾಡುತ್ತದೆ. 1900ಕ್ಕಿಂತ ಹಿಂದಿನ ತಾರೀಕುಗಳನ್ನು ತಾರೀಕು ಅಂತ ಗುರುತಿಸುವುದೇ ಇಲ್ಲ. ಇದಕ್ಕೆ ಪರಿಹಾರ ಒಂದೇ: ಟೈಪ್ ಮಾಡುವ ಮೊದಲೇ ಎಲ್ಲ ಕಾಲಂಗಳನ್ನೂ ಟೆಕ್ಸ್ಟ್ ಮಾಡಿಟ್ಟುಕೊಳ್ಳಿ. ಆಮೇಲೆ ಮಾಡಿದರೆ ಹೋದ ಸೊನ್ನೆ ತಿರುಗಿ ಬರಲ್ಲ.

ನಾನಂತೂ ಸಿಎಸ್‌ವಿ ತೆರೆಯಲು ಲಿಬ್ರೆಆಫೀಸ್ ಬಳಸುತ್ತೇನೆ. ತೆರೆಯುವಾಗಲೇ ಅದು ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಪದ್ಧತಿ) ಅಂತ ಕೇಳುತ್ತದೆ, ಯುಟಿಎಫ್-8 ಆರಿಸಬೇಕು. ಅದೇ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಬರಬಹುದು. ಹಾಗೆ ಬಂದರೆ ಸೇವ್ ಮಾಡದೆ ಮುಚ್ಚಿಬಿಡಿ.

ಕನ್ನಡಕ್ಕೇ ಇರುವ ತೊಡಕುಗಳು ಬೇರೆ. ಹಳೆಯ ಪಟ್ಟಿಗಳು ಎಷ್ಟೋ ಕಡೆ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿವೆ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ, ಆಮೇಲೆ ಹಾಳೆಗೆ ಹಾಕಿ. ಭಾಷೆಯ ಕಾಲಂನಲ್ಲಿ ಕನ್ನಡಕ್ಕೆ ಕೆಎನ್ ಎಂಬ ಎರಡಕ್ಷರದ ಸಂಕೇತವಿದೆ, ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು.

ಊರಿನ ಹೆಸರು ಇನ್ನೊಂದು. ಹುಡುಕಲು ಕೊಡುವ ಸ್ಥಳದ ಕಾಲಂನಲ್ಲಿ ನಾನು ಒಂದು ಕಡೆ ಶಿವಮೊಗ್ಗ, ಒಂದು ಕಡೆ ಶಿಮೊಗ್ಗ ಬರೆದಿದ್ದೆ. ಮತ್ತೊಂದು ಕಡೆ ಶಿವಮೊಗ್ಗದ ಕೊನೆಗೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ಒಂದೇ ಊರು ಮೂರು ಊರಾಗುವ ದಾರಿ ಇದು. ಇಂಗ್ಲಿಷ್‌ನಲ್ಲಿ ಬರೆಯುವುದಾದರೆ ಇನ್ನೂ ಒಂದು ಗೊಂದಲ, ಯಾಕೆಂದರೆ ಅಧಿಕೃತ ಕಾಗುಣಿತ ಬದಲಾದದ್ದು 2014ರ ನವೆಂಬರ್ 1ರಂದು. ಸ್ಥಳದ ಕಾಲಂಗೆ ಒಂದೇ ರೂಪ ಗೊತ್ತುಮಾಡಿಕೊಳ್ಳಿ. ಕಾಗದದ ಮೇಲೆ ಇರುವ ರೂಪವನ್ನು ಒಳವಿವರದಲ್ಲಿ ಹಾಗೇ ಉಳಿಸಿ.

ಏರಿಸುವ ದಿನ

ತಲೆಬರಹದ ಸಾಲನ್ನು ತಿದ್ದಬೇಡಿ. ಕಾಲಂಗಳ ಕ್ರಮ ಹೇಗಿದ್ದರೂ ನಡೆಯುತ್ತದೆ, ಹೆಸರು ಮಾತ್ರ ಆಟಮ್ ಕೊಡುವ ಮಾದರಿ ಹಾಳೆಯಲ್ಲಿ ಇದ್ದ ಹಾಗೇ ಇರಬೇಕು. ಒಂದೇ ಕೋಶದಲ್ಲಿ ಎರಡು ಊರು ಬಂದರೆ ನಡುವೆ ಅಲ್ಪವಿರಾಮ ಬೇಡ, ನೆಟ್ಟಗಿನ ಗೆರೆ ಹಾಕಿ: ಶಿವಮೊಗ್ಗ|ಸಾಗರ. ಮೊದಲು ಐದು ಸಾಲು ಮಾತ್ರ ಏರಿಸಿ, ಮರ ಸರಿಯಾಗಿ ಕಟ್ಟಿಕೊಂಡಿತಾ ನೋಡಿ. ಸರಿಯಿದ್ದರೆ ಅವನ್ನು ಅಳಿಸಿ ಇಡೀ ಹಾಳೆ ಏರಿಸಿ. ನಾಳೆ ಇನ್ನೊಂದು ಕಟ್ಟು ಸಿಕ್ಕಿದರೆ ಹಳೆಯ ಹಾಳೆಯನ್ನೇ ಮತ್ತೆ ಏರಿಸಬೇಡಿ, ಎಲ್ಲವೂ ಎರಡೆರಡಾಗುವ ಅಪಾಯವಿದೆ. ಹೊಸ ಹಾಳೆ ಮಾಡಿ, ಹಳೆಯ ಸರಣಿಯ ವೆಬ್ ವಿಳಾಸದ ಕೊನೆಯ ತುಂಡನ್ನು ಅದಕ್ಕೆಂದೇ ಇರುವ ಕಾಲಂನಲ್ಲಿ ಕೊಟ್ಟರೆ ಹೊಸದು ಅಲ್ಲಿಗೇ ಸೇರುತ್ತದೆ. ಆ ಸಾಲಿನಲ್ಲಿ ಪೇರೆಂಟ್ ಐಡಿ ಖಾಲಿ ಇರಬೇಕು.

ಏರಿಸಿದ ಸಂಜೆ ನಾನು ಹುಡುಕು ಪೆಟ್ಟಿಗೆಯಲ್ಲಿ "ಮುಂಗಡ" ಅಂತ ಕೊಟ್ಟು ನೋಡಿದೆ. ಮೂರನೇ ಸಾಲಿನ ಕಡತ ಬಂತು. ಆಮೇಲೆ ಪೆನ್ಸಿಲ್ ತೆಗೆದುಕೊಂಡು, ಪರದೆಯ ಮೇಲಿದ್ದ ಉಲ್ಲೇಖ ಸಂಖ್ಯೆಯನ್ನೇ ಒಂದೊಂದು ಫೋಲ್ಡರ್‌ನ ಮೂಲೆಯಲ್ಲಿ ಬರೆಯುತ್ತಾ ಹೋದೆ.