ಎಲ್‌ಇಡಿ ಉರಿಯಿತು, ರೇಡಾರ್ ಎಲ್ಲಿತ್ತು?

ಮಾರ್ಚ್ ತಿಂಗಳು ಬಂತೆಂದರೆ ನನ್ನ ಮೇಜಿನ ಮೇಲೆ ವಿದ್ಯಾರ್ಥಿಗಳ ಪ್ರಾಜೆಕ್ಟಿನ ಒಂದೇ ಬಗೆಯ ಡಬ್ಬಿಗಳು ಬಂದು ಕೂರುತ್ತವೆ. ಒಳಗೆ ಎಂಟು ಕಾಲಿನ ಒಂದು ಎಲ್‌ಎಂ358 ಎಂಬ ಐಸಿ (ಸಿಗ್ನಲ್ ಹಿಗ್ಗಿಸುವ ಚಿಪ್), ಅದರ ಎರಡೂ ಆಂಪ್ಲಿಫೈಯರ್‌ಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಿದ ಸರ್ಕ್ಯೂಟ್, ಕೊನೆಯಲ್ಲಿ ಕೆಂಪು ಎಲ್‌ಇಡಿ, ಬಜರ್. ಆ್ಯಂಟೆನಾ ಎಲ್ಲಿ ಎಂದರೆ ಒಂದು ಕೆಪಾಸಿಟರಿನ ಬಾಗಿಸಿದ ಕಾಲುಗಳನ್ನು ತೋರಿಸುತ್ತಾರೆ. ಮುಚ್ಚಳದ ಮೇಲೆ ‘ರೇಡಾರ್ ಡಿಟೆಕ್ಟರ್’ ಎಂಬ ಚೀಟಿ, ಅಂದರೆ ಹತ್ತಿರದಲ್ಲಿ ರೇಡಾರ್ ಇದ್ದರೆ ಎಚ್ಚರಿಸುವ ಸಾಧನವಂತೆ. ಈ ಸರ್ಕ್ಯೂಟ್ ನಾನು ಡಿಪ್ಲೊಮಾ ಓದುತ್ತಿದ್ದ ದಿನಗಳಿಂದಲೂ ಕೈಯಿಂದ ಕೈಗೆ ನಕಲಾಗುತ್ತಲೇ ಬಂದಿದೆ. ಎಷ್ಟು ಸಲ ಹೇಳಿದರೂ ಮರುವರ್ಷ ಮತ್ತೆ ಬರುತ್ತದೆ. ಆದ್ದರಿಂದ ಈ ಬಾರಿ ಬರೆದೇ ಬಿಡುತ್ತಿದ್ದೇನೆ.

ಈ ವರ್ಷ ಮೊದಲು ಬಂದವರು ತುಮಕೂರಿನ ಕಡೆಯ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ. ಬೆಸುಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ನೋಡಿದ ಕೂಡಲೇ ಇಬ್ಬರ ಮೇಲೂ ಅಕ್ಕರೆ ಹುಟ್ಟಿತು. ಹುಡುಗ ಜೇಬಿನಿಂದ ತಂದೆಯ ಹಳೆಯ ಕೀಪ್ಯಾಡ್ ಫೋನ್ ತೆಗೆದು ಡಬ್ಬಿಯ ಪಕ್ಕದಲ್ಲಿಟ್ಟ. ಹುಡುಗಿ ತನ್ನ ಫೋನಿನಿಂದ ಅದಕ್ಕೆ ಕರೆ ಮಾಡಿದಳು. ರಿಂಗ್ ಆಗುವುದಕ್ಕೆ ಒಂದು ಕ್ಷಣ ಮೊದಲೇ ಎಲ್‌ಇಡಿ ಮಿನುಗಿತು, ಬಜರ್ ಕೂಗಿತು.

“ಮೈಕ್ರೋವೇವ್ ಹಿಡಿಯುತ್ತದೆ ಸರ್. ರೇಡಾರ್ ಕೂಡ ಮೈಕ್ರೋವೇವೇ ಅಲ್ಲವೇ?” ಎಂದು ಕೇಳಿದಳು.

ನಾನು ಡ್ರಾಯರ್ ಎಳೆದು ಎಚ್‌ಬಿ100 ಮಾಡ್ಯೂಲ್ ತೆಗೆದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ, ಚಲನೆ ಗುರುತಿಸುವ ಪುಟ್ಟ ರೇಡಾರ್ ಅದು. 10.525 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅಮೆರಿಕದ ಪೊಲೀಸರ ಹಳೆಯ ಎಕ್ಸ್ ಬ್ಯಾಂಡ್ ರೇಡಾರುಗಳದೂ ಇದೇ ಆವರ್ತನ. 5 ವೋಲ್ಟ್ ಕೊಟ್ಟು ಡಬ್ಬಿಯಿಂದ ಒಂದು ಗೇಣು ದೂರದಲ್ಲಿ ಹಿಡಿದೆ. ಡಬ್ಬಿ ಪಿಟ್ಟೆನ್ನಲಿಲ್ಲ. ಮುಟ್ಟುವಷ್ಟು ಹತ್ತಿರ ತಂದೆ. ಆಗಲೂ ಇಲ್ಲ. ಹುಡುಗನ ಮುಖ ಬಾಡಿತು. ಮಾಡ್ಯೂಲ್ ಕೆಟ್ಟಿರಬಹುದೇ ಎಂದು ಕೇಳಿದ. ಕೆಟ್ಟಿರಲಿಲ್ಲ.

ಇಲ್ಲಿ ಆಗುವುದು ಇಷ್ಟು. ಎಲ್‌ಎಂ358 ಸುಮಾರು 1 ಮೆಗಾಹರ್ಟ್ಸ್‌ಗೇ ಸುಸ್ತಾಗುವ ಐಸಿ. ರೇಡಾರಿನ ತರಂಗ ಅದರ ಹತ್ತು ಸಾವಿರ ಪಟ್ಟು ಮೇಲೆ. ಅದನ್ನು ವರ್ಧಿಸುವ ಮಾತೇ ಇಲ್ಲ. ಹಾಗಾದರೆ ಫೋನಿಗೇಕೆ ಓಗೊಟ್ಟಿತು? 2ಜಿ ಫೋನ್ ತನ್ನ ತರಂಗವನ್ನು ಧಾರೆಯಾಗಿ ಬಿಡುವುದಿಲ್ಲ, ಸೆಕೆಂಡಿಗೆ ಸುಮಾರು 217 ಸಲ ಕತ್ತರಿಸಿ ಬಿಡುತ್ತದೆ. ಹಿಂದೆ ರೇಡಿಯೊ ಪಕ್ಕದಲ್ಲಿ ಮೊಬೈಲ್ ಇಟ್ಟಾಗ ಕರೆ ಬರುವ ಮುನ್ನ ಸ್ಪೀಕರಿನಲ್ಲಿ ‘ಟರ್ರ್ ಟರ್ರ್’ ಎನ್ನುತ್ತಿತ್ತಲ್ಲ, ಅದೇ ಸದ್ದು. 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಆ ಮಿಡಿತದ ಶಕ್ತಿ 2 ವ್ಯಾಟ್‌ವರೆಗೂ ಏರಬಲ್ಲದು. ಅಷ್ಟು ಹತ್ತಿರದಲ್ಲಿ ಅಷ್ಟು ಜೋರಾದ ಮಿಡಿತ ಬಂದು ಬಡಿದರೆ ಐಸಿಯ ಒಳಗಿನ ಟ್ರಾನ್ಸಿಸ್ಟರ್ ಸಂಧಿಯೇ ಒಂದು ಒರಟು ಡಯೋಡಿನಂತೆ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗದಂತೆ) ವರ್ತಿಸಿ, ತರಂಗವನ್ನು ಬದಿಗಿಟ್ಟು ಮಿಡಿತವನ್ನಷ್ಟೇ ಉಳಿಸುತ್ತದೆ. 217 ಹರ್ಟ್ಸ್ ಎಂದರೆ ಕಿವಿಗೆ ಕೇಳುವ ಸದ್ದು. ಎಲ್‌ಎಂ358 ಹಿಗ್ಗಿಸಿದ್ದು ಅದನ್ನು. ಅದು ಕೇಳಿದ್ದು ಮೈಕ್ರೋವೇವನ್ನಲ್ಲ, ಮೈಕ್ರೋವೇವಿನ ಮೇಲೆ ಕುಳಿತು ಬಂದ ಮಿಡಿತವನ್ನು.

ಈ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ನಮ್ಮ ಹುಡುಗರು ಎಡವುವುದೆಲ್ಲ ಇಲ್ಲಿಯೇ.

ವಾಹನದ ವೇಗ ಅಳೆಯುವ ಸಾಮಾನ್ಯ ಡಾಪ್ಲರ್ ರೇಡಾರ್ ಎಡೆಬಿಡದೆ ಒಂದೇ ಸಮನೆ ತರಂಗ ಸುರಿಸುತ್ತದೆ. ಅದರಲ್ಲಿ ಮಿಡಿತವಿಲ್ಲ. ಎಷ್ಟೇ ಒಳ್ಳೆಯ ಡಯೋಡ್ ಹಾಕಿ ಹಿಡಿದರೂ ಕೈಗೆ ಬರುವುದು ಅಲುಗಾಡದ ಒಂದು ಪುಟ್ಟ ಡಿಸಿ ವೋಲ್ಟೇಜ್ ಮಾತ್ರ. ಆ ಡಬ್ಬಿಯ ಸರ್ಕ್ಯೂಟಿನಲ್ಲಿ ಎರಡು ಹಂತಗಳ ನಡುವೆ ಕೆಪಾಸಿಟರ್ ಇದೆ. ಕೆಪಾಸಿಟರ್ ಡಿಸಿಯನ್ನು ದಾಟಲು ಬಿಡುವುದಿಲ್ಲ. ಹೀಗಾಗಿ ರೇಡಾರ್ ಎದುರಿಗೇ ಇದ್ದರೂ ಡಬ್ಬಿಯ ಪಾಲಿಗೆ ಅದು ಇಲ್ಲವೇ ಇಲ್ಲ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಬಹುದು. ಚಿಕ್ಕದೊಂದು ಸೋಲಾರ್ ಸೆಲ್ಲನ್ನು ಕೆಪಾಸಿಟರಿನ ಮೂಲಕ ಆಡಿಯೊ ಆಂಪ್ಲಿಫೈಯರಿಗೆ ಜೋಡಿಸಿ. ಬಿಸಿಲಿಗೆ ಹಿಡಿಯಿರಿ. ಸೆಲ್ ಕರೆಂಟ್ ಕೊಡುತ್ತಿರುತ್ತದೆ, ಸ್ಪೀಕರ್ ಮೌನ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ, 100 ಹರ್ಟ್ಸ್‌ನ ಗುಂಯ್ ಸದ್ದು ಕೇಳುತ್ತದೆ. ಈಗ ಮತ್ತೆ ಬಿಸಿಲಿಗೆ ಬಂದು ಸೆಲ್ಲಿನ ಮುಂದೆ ಬಾಚಣಿಗೆಯನ್ನು ಸರ್ರನೆ ಎಳೆಯಿರಿ. ಹಲ್ಲುಗಳು ಬೆಳಕನ್ನು ಕತ್ತರಿಸಿದಷ್ಟೂ ಸದ್ದು. ಬಿಸಿಲು ಮೊದಲೂ ಇತ್ತು, ಈಗಲೂ ಇದೆ. ಕತ್ತರಿಸುವವರು ಬಂದ ಮೇಲೆ ಕೇಳಿಸಿತು.

ಪಾಲಿಟೆಕ್ನಿಕ್ಕುಗಳ ಮೈಕ್ರೋವೇವ್ ಪ್ರಯೋಗಾಲಯದಲ್ಲಿ ಮೈಕ್ರೋವೇವ್ ಹುಟ್ಟಿಸುವ ಕ್ಲೈಸ್ಟ್ರಾನ್ ಅಥವಾ ಗನ್ ಡಯೋಡ್ ಬೆಂಚು ಇರುತ್ತದೆ. ಅದರಲ್ಲಿ 1 ಕಿಲೋಹರ್ಟ್ಸ್ ಮಾಡ್ಯುಲೇಶನ್ ಎಂಬ ಗುಂಡಿ ಇರುವುದೇಕೆ ಎಂದು ನಾನು ಪ್ರತಿ ವರ್ಷ ಕೇಳುತ್ತೇನೆ. ರೆಕಾರ್ಡ್ ಪುಸ್ತಕದಲ್ಲಿ ರೀಡಿಂಗ್ ಬರೆದು ಸಹಿ ಹಾಕಿಸಿಕೊಂಡವರಲ್ಲಿ ಉತ್ತರ ಹೇಳುವವರು ತೀರ ಕಡಿಮೆ. ಉತ್ತರ ಇದೇ: ತರಂಗವನ್ನು ಸೆಕೆಂಡಿಗೆ ಸಾವಿರ ಸಲ ಕತ್ತರಿಸಿದರೆ ಡಯೋಡಿನಿಂದ ಸಾವಿರ ಹರ್ಟ್ಸ್‌ನ ಸದ್ದು ಬರುತ್ತದೆ, ಬೆಂಚಿನ ಅಳತೆ ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರನ್ನು ಆ ಒಂದು ಸದ್ದಿಗಷ್ಟೇ ಕಿವಿಗೊಡುವಂತೆ ಮಾಡಿರುತ್ತಾರೆ. ಮೀಟರಿನ ಮುಳ್ಳು ಆಡುವುದನ್ನು ಮಕ್ಕಳು ನೋಡಿರುತ್ತಾರೆ. ಅದನ್ನು ಆಡಿಸಿದ್ದು ಯಾವುದು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ನನಗೆ ಸಿಟ್ಟು ಬರುವುದು ಮಕ್ಕಳ ಮೇಲಲ್ಲ.

ಈ ಮಾತು ಕೇಳಿದ ಮೇಲೆ ಕೆಲವರು ಎಚ್‌ಬಿ100 ಮಾಡ್ಯೂಲಿನ ಸಪ್ಲೈಯನ್ನೇ ಆನ್–ಆಫ್ ಮಾಡಿ ಮಿಡಿತ ಹುಟ್ಟಿಸಿ ತರುತ್ತಾರೆ. ಮೇಜಿನ ಮೇಲೆ ಟ್ಯೂನ್ ಮಾಡಿಕೊಳ್ಳಲು ಅದು ಸರಿ. ಆದರೆ ಎಲ್ಲೋ ನಿಂತಿರುವ ಅಪರಿಚಿತ ರೇಡಾರ್ ನಿಮಗಾಗಿ ತನ್ನ ತರಂಗವನ್ನು ಕತ್ತರಿಸಿ ಕಳಿಸುವುದಿಲ್ಲ. ಕತ್ತರಿ ನಿಮ್ಮ ಕಡೆ ಇರಬೇಕು.

ನಾನು ಆ ಇಬ್ಬರಿಗೂ ಹೇಳಿದ ಕತ್ತರಿ ಎಂದರೆ ಕಂಪ್ಯೂಟರಿನ 120 ಮಿಲಿಮೀಟರ್ ಫ್ಯಾನ್. ಒಂದು ರೆಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿ, ವೇವ್‌ಗೈಡಿನ, ಅಂದರೆ ಮೈಕ್ರೋವೇವನ್ನು ಸಾಗಿಸುವ ಲೋಹದ ಕೊಳವೆಯ, ಬಾಯಿಯ ಮುಂದೆ ತಿರುಗಿಸುವುದು. ನಿಮಿಷಕ್ಕೆ 2400 ಸುತ್ತು ತಿರುಗಿದರೆ 40 ಹರ್ಟ್ಸ್. ವೇವ್‌ಗೈಡನ್ನು ತಾಮ್ರದ ಪಿಸಿಬಿ ತುಂಡುಗಳನ್ನು ಬೆಸೆದು ಮಾಡಬಹುದು, ಒಳ ಅಳತೆ 23 ಮತ್ತು 10 ಮಿಲಿಮೀಟರ್. ಹಿಂಬದಿ ಮುಚ್ಚಿ, ಆ ಗೋಡೆಯಿಂದ ಸುಮಾರು 9 ಮಿಲಿಮೀಟರ್ ಮುಂದೆ ಡಯೋಡ್ ನಿಲ್ಲಬೇಕು. ಅಲ್ಲಿಂದಾಚೆಗೆ ಅದೇ ಎಲ್‌ಎಂ358 ಸಾಕು, ಈಗ ಅದರ ಕೆಲಸ ಬರಿಯ 40 ಹರ್ಟ್ಸ್. ತರಂಗವನ್ನು ಒಟ್ಟುಗೂಡಿಸುವ ಕಹಳೆಯಾಕಾರದ ಹಾರ್ನ್ ಆಮೇಲೆ ಕೂಡಿಸಿದರಾಯಿತು.

ಡಯೋಡ್ ವಿಷಯದಲ್ಲಿ ಮಾತ್ರ ಕೈಬಿಗಿ ಮಾಡಬೇಡಿ. ಬಿಡಿಭಾಗಗಳ ಡಬ್ಬಿಯಲ್ಲಿ ಬಿದ್ದಿರುವ 1ಎನ್4148 ಎಂಬ ಸಾಮಾನ್ಯ ಡಯೋಡ್ ಆಗದು. ಅದರ ಸಂಧಿಯ ಕೆಪಾಸಿಟೆನ್ಸ್ 4 ಪಿಕೊಫ್ಯಾರಡ್‌ವರೆಗೂ ಇರುತ್ತದೆ, 10.5 ಗಿಗಾಹರ್ಟ್ಸ್‌ನಲ್ಲಿ ಅದು ಒಡ್ಡುವ ತಡೆ 4 ಓಮ್‌ಗೂ ಕಡಿಮೆ. ತರಂಗ ಸಂಧಿಯ ಮಗ್ಗುಲಿನಿಂದಲೇ ನುಸುಳಿ ಹೋಗುತ್ತದೆ. ಮೈಕ್ರೋವೇವಿಗೆಂದೇ ಮಾಡಿದ ಶಾಟ್ಕಿ ಡಯೋಡ್ ಕೊಳ್ಳಿ, ಕಾಲುಗಳನ್ನು ಆದಷ್ಟು ಗಿಡ್ಡ ಇಡಿ. ಒಂದು ಸೆಂಟಿಮೀಟರ್ ತಂತಿ ನಮ್ಮ ಕಣ್ಣಿಗೆ ತಂತಿ. ಆ ತರಂಗಕ್ಕೆ ಅದು ಸುಮಾರು 600 ಓಮ್‌ನ ತಡೆಗೋಡೆ. ಈ ಡಯೋಡುಗಳು ಮೈಮೇಲಿನ ಸ್ಟ್ಯಾಟಿಕ್ ವಿದ್ಯುತ್ತಿಗೇ ಸಾಯುತ್ತವೆ. ನೈಲಾನ್ ಬಟ್ಟೆ ತೊಟ್ಟು ಮುಟ್ಟಬೇಡಿ, ಎರಡು ಹೆಚ್ಚಿಗೆ ತಂದಿಟ್ಟುಕೊಳ್ಳಿ. ನಾನು ಹೇಳಿದ ಅಳತೆಗಳೆಲ್ಲ ಲೆಕ್ಕದ ಅಳತೆಗಳು. ಬೆಸುಗೆಯ ದಪ್ಪಕ್ಕೆ, ಡಯೋಡಿನ ಜಾತಿಗೆ ತಕ್ಕಂತೆ ಒಂದೆರಡು ಮಿಲಿಮೀಟರ್ ಅತ್ತಿತ್ತ ಸರಿಸಿ ನೋಡಲೇಬೇಕು.

ಡಯೋಡಿನ ಮಾತು ಬಂದಾಗ ಮಕ್ಕಳಿಗೆ ಜಗದೀಶ್‌ಚಂದ್ರ ಬೋಸ್ ಅವರ ಕಥೆ ಹೇಳದೆ ನನಗೆ ಸಮಾಧಾನವಿಲ್ಲ. 1890ರ ದಶಕದಲ್ಲಿ, ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಅವರು 5 ಮಿಲಿಮೀಟರ್‌ನಷ್ಟು ಚಿಕ್ಕ ತರಂಗಾಂತರದಲ್ಲಿ ಕೆಲಸ ಮಾಡುತ್ತಿದ್ದರು. ಅದು 60 ಗಿಗಾಹರ್ಟ್ಸ್. ಆಂಪ್ಲಿಫೈಯರ್ ಎಂಬ ವಸ್ತುವೇ ಇಲ್ಲದ ಕಾಲ ಅದು. ಹಾರ್ನ್ ಆ್ಯಂಟೆನಾ, ವೇವ್‌ಗೈಡ್ ಎಲ್ಲವನ್ನೂ ಕೈಯಿಂದ ಮಾಡಿಸಿಕೊಂಡರು. ಗೆಲೀನಾ ಅದಿರಿನ ಹರಳಿಗೆ ಲೋಹದ ಮೊನೆ ತಾಗಿಸಿ ಮಾಡಿದ ಅವರ ಡಿಟೆಕ್ಟರಿಗೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ನಿಮ್ಮ ಕಾಲೇಜಿನ ಬೆಂಚಿನ ಡಿಟೆಕ್ಟರ್ ಮೌಂಟ್ ಬಿಚ್ಚಿದರೆ ಸಿಗುವ 1ಎನ್23 ಡಯೋಡಿನಲ್ಲೂ ಹರಳಿಗೆ ತಾಗಿದ ಮೊನೆಯೇ ಇದೆ, ಗೆಲೀನಾ ಬದಲು ಸಿಲಿಕಾನ್. ಇದನ್ನು ಹೇಳುವಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಿದ್ದೇನೆ.

ದಾರಿಯಲ್ಲಿ ಪೊಲೀಸರನ್ನು ತಪ್ಪಿಸಿಕೊಳ್ಳಲು ಇದು ಬೇಕೆನ್ನುವವರಿಗೆ ಎರಡೇ ಮಾತು. ವೇಗ ಹಿಡಿಯುವ ನಮ್ಮ ಪೊಲೀಸರ ಇಂಟರ್‌ಸೆಪ್ಟರ್ ವಾಹನಗಳಲ್ಲಿ ಕಾಣುವುದು ಹೆಚ್ಚಾಗಿ ಲೇಸರ್ ಗನ್. ಅದು ಬೆಳಕು, ವೇವ್‌ಗೈಡಿಗೆ ಕಾಣುವುದೇ ಇಲ್ಲ. ಕಾನೂನಿನ ಮಾತನ್ನು ವಕೀಲರಿಗೆ ಬಿಡುತ್ತೇನೆ, ಆದರೆ ಅಮೆರಿಕದ ವರ್ಜೀನಿಯಾದಲ್ಲೂ ಫ್ರಾನ್ಸಿನಲ್ಲೂ ಇಂಥ ಉಪಕರಣವನ್ನು ವಾಹನದಲ್ಲಿಟ್ಟುಕೊಂಡು ಹೋಗುವುದು ನಿಷಿದ್ಧ ಎಂಬುದು ತಿಳಿದಿರಲಿ. ನಿಧಾನವಾಗಿ ಓಡಿಸಿ. ಇದು ಮೇಜಿನ ಮೇಲಿನ ವಿದ್ಯೆ.

ಹೋದ ವರ್ಷ ಇನ್ನೊಂದು ತಂಡ ಇದೇ ಫ್ಯಾನ್ ಉಪಾಯ ಮಾಡಿತ್ತು. ನಿಮಿಷಕ್ಕೆ 1500 ಸುತ್ತಿನ ಫ್ಯಾನ್, ಎರಡು ಕಡೆ ಹಾಳೆ. ಲೆಕ್ಕ ಹಾಕಿ, 50 ಹರ್ಟ್ಸ್. ಆಸಿಲೋಸ್ಕೋಪಿನ ಪರದೆಯ ಮೇಲೆ ಅಂದವಾದ ಅಲೆ. ನಾನು ರೇಡಾರ್ ಮಾಡ್ಯೂಲಿನ ತಂತಿ ಕಿತ್ತೆ. ಅಲೆ ಹಾಗೆಯೇ ಇತ್ತು. ಮೂರು ವಾರದಿಂದ ಅವರು ನೋಡುತ್ತಿದ್ದದ್ದು ಗೋಡೆಯ ವೈರಿಂಗಿನಿಂದ ಬಂದ ಮೇನ್ಸ್ ಕರೆಂಟನ್ನು, ಅದೂ 50 ಹರ್ಟ್ಸೇ. ತಂತಿ ಕಿತ್ತು ನೋಡಬೇಕೆಂದು ಮೂರು ವಾರದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಂದಿನಿಂದ ನನ್ನ ಮೇಜಿಗೆ ಯಾವ ಡಿಟೆಕ್ಟರ್ ಬಂದರೂ ಅದು ಉರಿಯುವುದನ್ನು ನಾನು ಮೊದಲು ನೋಡುವುದಿಲ್ಲ. ಎದುರಿಗೆ ಏನೂ ಇಲ್ಲದಾಗ ಸುಮ್ಮನಿರುತ್ತದೆಯೇ ಎಂದು ನೋಡುತ್ತೇನೆ.

ತುಮಕೂರಿನ ಇಬ್ಬರೂ ಏಪ್ರಿಲ್ ಎರಡನೆಯ ವಾರ ಮತ್ತೆ ಬಂದರು. ವೇವ್‌ಗೈಡಿನ ಒಂದು ಮೂಲೆಯ ಬೆಸುಗೆ ಸ್ವಲ್ಪ ಉಬ್ಬಿತ್ತು, ಫ್ಯಾನಿಗೆ ಬೇರೆಯೇ ಬ್ಯಾಟರಿ ಕೊಟ್ಟಿದ್ದರು. ಫೋನುಗಳನ್ನು ನಾನು ಹೇಳುವ ಮುನ್ನವೇ ಹೊರಗಿನ ಬೆಂಚಿನ ಮೇಲಿಟ್ಟು ಬಂದಿದ್ದರು. ಮಾಡ್ಯೂಲನ್ನು ಕೊಠಡಿಯ ಆಚೆ ತುದಿಯ ಕಿಟಕಿಯ ಮೇಲಿಟ್ಟೆವು. ಆಸಿಲೋಸ್ಕೋಪಿನಲ್ಲಿ 40 ಹರ್ಟ್ಸ್‌ನ ಅಲೆ ಎದ್ದಿತು, ಎಲ್‌ಇಡಿ ಉರಿಯಿತು. ಹುಡುಗ ನನ್ನ ಮುಖ ನೋಡಿದ. ಹುಡುಗಿ ನೋಡಲಿಲ್ಲ. ಫ್ಯಾನ್ ತಿರುಗುತ್ತಿದ್ದಂತೆಯೇ ಕಿಟಕಿಯ ಬಳಿಗೆ ನಡೆದು ಮಾಡ್ಯೂಲಿನ ಸ್ವಿಚ್ ಆರಿಸಿದಳು. ಪರದೆಯ ಮೇಲಿನ ಅಲೆ ಗೆರೆಯಾಯಿತು. ಮತ್ತೆ ಹಾಕಿದಳು, ಎದ್ದಿತು. ಮತ್ತೆ ಆರಿಸಿದಳು.