ಕಡಲು ಎಷ್ಟು ಏರುತ್ತದೆ ಎಂದು ತಿಳಿಯದೆ ಗೋಡೆ ಕಟ್ಟುವುದು ಹೇಗೆ?

ಪ್ರಶ್ನೆ: ಈ ಶತಮಾನದ ಕೊನೆಗೆ ಸಮುದ್ರ ಅರ್ಧ ಮೀಟರ್ ಏರಬಹುದು, ಒಂದು ಮೀಟರ್ ಕೂಡ ಏರಬಹುದು ಎನ್ನುತ್ತಾರೆ. ಹೀಗೆ ನಾಲ್ಕು ಬಗೆಯಾಗಿ ಹೇಳಿದರೆ ಒಂದೂರಿನವರು ಯಾವುದನ್ನು ನಂಬಿ ಯೋಜನೆ ಮಾಡಬೇಕು? ಜಗತ್ತಿನ ಲೆಕ್ಕ ಊರಿನ ಕೆಲಸಕ್ಕೆ ಬರುತ್ತದೆಯೇ?

ಉತ್ತರ: ಬರುತ್ತದೆ. ಆದರೆ ಲೆಕ್ಕವನ್ನು ಊರಿನ ಕಡೆಯಿಂದ ಶುರುಮಾಡಬೇಕು.

ಹವಾಮಾನ ವರದಿಗಳಲ್ಲಿ ಬರುವ ‘ಸನ್ನಿವೇಶ’ಗಳನ್ನು ಪಂಚಾಂಗದ ಮಳೆಫಲದಂತೆ ಓದಬಾರದು. ಜಗತ್ತು ಹೀಗೆ ನಡೆದುಕೊಂಡರೆ ಹೀಗಾದೀತು ಎಂಬುದಷ್ಟೇ ಅವುಗಳ ಮಾತು. ಐಪಿಸಿಸಿಯ, ಅಂದರೆ ಜಿನೀವಾದಲ್ಲಿ ಕಚೇರಿಯಿರುವ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯ, 2021ರ ವರದಿಯ ಪ್ರಕಾರ, ಇಂಗಾಲದ ಹೊಗೆ ಬೇಗನೆ ಇಳಿದರೆ 2100ರ ಹೊತ್ತಿಗೆ ಜಾಗತಿಕ ಸರಾಸರಿ ಸಮುದ್ರಮಟ್ಟ 0.28ರಿಂದ 0.55 ಮೀಟರ್ ಏರಬಹುದು. ಹೊಗೆ ಏರುತ್ತಲೇ ಹೋದರೆ 0.63ರಿಂದ 1.01 ಮೀಟರ್. ಧ್ರುವಗಳ ಹಿಮರಾಶಿ ಎಣಿಕೆ ಮೀರಿ ಕುಸಿದರೆ ಎರಡು ಮೀಟರಿನ ಹತ್ತಿರ ಹೋಗುವುದನ್ನೂ ತಳ್ಳಿಹಾಕುವಂತಿಲ್ಲ. ಇಷ್ಟು ದೊಡ್ಡ ಅಂತರ ಕಂಡ ಅಧಿಕಾರಿ ಸಾಮಾನ್ಯವಾಗಿ ನಡುವಿನ ಒಂದು ಅಂಕಿ ಹಿಡಿದು ಟೆಂಡರ್ ಕರೆಯುತ್ತಾನೆ, ಇಲ್ಲವೇ ವಿಜ್ಞಾನಿಗಳು ಒಮ್ಮತಕ್ಕೆ ಬರಲಿ ಎಂದು ಕಡತ ಕಟ್ಟಿಡುತ್ತಾನೆ.

ಲಂಡನ್ನಿನವರು ಈ ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದರು. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನಲ್ಲಿ 307 ಜನ, ನೆದರ್ಲೆಂಡ್ಸ್‌ನಲ್ಲಿ 1,836 ಜನ ಸತ್ತಿದ್ದರು. ಆಮೇಲೆ ಥೇಮ್ಸ್ ನದಿಗೆ ಅಡ್ಡಲಾಗಿ 520 ಮೀಟರ್ ಉದ್ದಕ್ಕೆ ಹತ್ತು ಬಾಗಿಲುಗಳ ತಡೆ ನಿಂತಿತು. ಅದು ಕೆಲಸಕ್ಕೆ ಬಂದದ್ದು 1982ರಲ್ಲಿ. ಹೆಣಗಳನ್ನು ಎಣಿಸಿದ ಮೇಲೂ, ಹಣವಿದ್ದ ದೇಶದಲ್ಲೂ, ಒಂದು ಬಾಗಿಲು ಹಾಕಲು ಸುಮಾರು 30 ವರ್ಷ ಹಿಡಿಯಿತು. ಈ 30 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2002ರಲ್ಲಿ ಇಂಗ್ಲೆಂಡಿನ ಪರಿಸರ ಸಂಸ್ಥೆ ಥೇಮ್ಸ್ ನದಿ ಕಡಲು ಸೇರುವ ಅಳಿವೆಗೆ 2100ರವರೆಗಿನ ಯೋಜನೆಯೊಂದನ್ನು ಕೈಗೆತ್ತಿಕೊಂಡಿತು. ಕಡಲು ಎಷ್ಟು ಏರುತ್ತದೆ ಎಂದು ಕೇಳುವ ಮೊದಲು ಅವರು ಕೇಳಿದ್ದು, ನಮ್ಮ ಒಂದೊಂದು ಉಪಾಯ ಎಷ್ಟು ಏರಿಕೆಗೆ ಕೈಚೆಲ್ಲುತ್ತದೆ ಎಂದು. ಈಗಿನ ಗೋಡೆಗಳನ್ನು ಎತ್ತರಿಸಿದರೆ ಎಲ್ಲಿಯವರೆಗೆ? ತಗ್ಗು ನೆಲದಲ್ಲಿ ಉಬ್ಬರದ ನೀರನ್ನು ನಿಲ್ಲಿಸಿಕೊಂಡರೆ? ನದಿಯ ಇನ್ನೂ ಕೆಳಗಡೆ, ಕಡಲಿನತ್ತ ಹೊಸ ತಡೆ ಕಟ್ಟಿದರೆ? ಒಂದು ಸೋತ ಮಟ್ಟದಲ್ಲಿ ಇನ್ನೊಂದಕ್ಕೆ ದಾಟುವ ಹಾಗೆ ಇವನ್ನು ಮೆಟ್ಟಿಲುಗಳಂತೆ ಜೋಡಿಸಿಕೊಂಡರು. ಜಾಗತಿಕ ಸನ್ನಿವೇಶಗಳು ಬಂದದ್ದು ಅದರ ಮೇಲೆ. ಯಾವ ಮೆಟ್ಟಿಲಿಗೆ ಯಾವ ದಶಕದಲ್ಲಿ ಕಾಲಿಡಬೇಕಾದೀತು ಎಂದು ತಿಳಿಸುವುದಷ್ಟೇ ಅವುಗಳ ಕೆಲಸವಾಯಿತು. ಮುಖ್ಯ ಲೆಕ್ಕ 90 ಸೆಂಟಿಮೀಟರ್ ಏರಿಕೆಯದು. ಕೈಮೀರಿದರೆ ಎಂಬ ಪರೀಕ್ಷೆಗೆ 2.7 ಮೀಟರ್. ಈ ಎರಡನೆಯ ಅಂಕಿ ಮೊದಲಿಗೆ 4.2 ಮೀಟರ್ ಇತ್ತು, ನಡುದಾರಿಯಲ್ಲಿ ಇಳಿಯಿತು. ಗೋಡೆಯನ್ನು ಒಂದೇ ಅಂಕಿಗೆ ಕಟ್ಟಿಹಾಕಿದ್ದರೆ ಯೋಜನೆಯನ್ನೇ ಹರಿದುಹಾಕಬೇಕಾಗುತ್ತಿತ್ತು.

ಜಾಗತಿಕ ಸರಾಸರಿ ಯಾವ ಊರಿನ ದಡವೂ ಅಲ್ಲ ಎಂಬುದು ಇನ್ನೊಂದು ವಿಷಯ. ಹಿಮಯುಗದ ಮಂಜುಗಡ್ಡೆಯ ಭಾರ ಕರಗಿಹೋದದ್ದರಿಂದ ಸ್ಕಾಟ್ಲೆಂಡಿನ ನೆಲ ಇಂದಿಗೂ ನಿಧಾನವಾಗಿ ಮೇಲೇಳುತ್ತಿದೆ, ಆಗ್ನೇಯ ಇಂಗ್ಲೆಂಡಿನದು ಇಳಿಯುತ್ತಿದೆ. ಬಿರುಗಾಳಿ, ಉಬ್ಬರ, ನದಿಯ ನೆರೆ ಎಲ್ಲವನ್ನೂ ಊರಿನಲ್ಲೇ ಕೂಡಿಸಬೇಕು. 2013–14ರ ಚಳಿಗಾಲದಲ್ಲಿ ಥೇಮ್ಸ್ ತಡೆಯ ಬಾಗಿಲುಗಳನ್ನು 50 ಸಲ ಮುಚ್ಚಿದರು. ಅದರಲ್ಲಿ 41 ಸಲ ಕಾರಣ ಕಡಲಲ್ಲ, ಮೇಲಿನಿಂದ ಮಳೆನೀರು ಹೊತ್ತು ಬಂದ ನದಿ! ಕಡಲಿಗಾಗಿ ಮಾಡಿದ ಬಾಗಿಲು, ಉಬ್ಬರವನ್ನು ಹೊರಗಿಟ್ಟು ನೆರೆನೀರಿಗೆ ಜಾಗ ಉಳಿಸಿ, ಹೊಳೆಗೆ ಹೆಚ್ಚು ದುಡಿದಿತ್ತು. ವರ್ಷಕ್ಕೆ 50ಕ್ಕಿಂತ ಹೆಚ್ಚು ಸಲ ಮುಚ್ಚಿದರೆ ಯಂತ್ರಗಳ ರಿಪೇರಿಗೆ ಬಿಡುವು ಸಿಗುವುದಿಲ್ಲ. ಇಂಥ ಮಿತಿ ಯಾವ ಜಾಗತಿಕ ವರದಿಯಲ್ಲೂ ಇರುವುದಿಲ್ಲ, ಬಾಗಿಲು ನೋಡಿಕೊಳ್ಳುವವರಿಗೆ ಮಾತ್ರ ಗೊತ್ತಿರುತ್ತದೆ.

ಯೋಜನೆ 2012ರಲ್ಲಿ ಒಪ್ಪಿಗೆ ಪಡೆಯಿತು. ಸಮುದ್ರಮಟ್ಟವೂ ಸೇರಿ ಹತ್ತು ಸೂಚಕಗಳ ಮೇಲೆ ಕಣ್ಣಿಟ್ಟು ಆಗಾಗ ಪರಿಷ್ಕರಿಸುತ್ತಾರೆ. 2023ರ ಪರಿಷ್ಕರಣೆಯಲ್ಲಿ, ತಡೆಗಿಂತ ಮೇಲ್ಭಾಗದ ನದಿದಡದ ಗೋಡೆಗಳನ್ನು ಎತ್ತರಿಸುವ ಗಡುವನ್ನು 15 ವರ್ಷ ಮೊದಲಿಗೇ ತಂದು 2050 ಎಂದರು. ಈಗಿನ ತಡೆ 2070ರವರೆಗೆ ಬಾಳುವ ನಿರೀಕ್ಷೆಯಿದೆ. ಅದರಲ್ಲಿ ಆ 30 ವರ್ಷ ಕಳೆಯಿರಿ: 2040. ಮುಂದೇನು ಎಂಬ ತೀರ್ಮಾನಕ್ಕೆ ಅವರು ಇಟ್ಟುಕೊಂಡಿರುವ ವರ್ಷವೂ ಅದೇ.

ನಾಲ್ಕು ಬಗೆಯ ಅಂಕಿಗಳಿಂದ ಕಂಗೆಟ್ಟವರಿಗೆ ಒಂದು ಸಮಾಧಾನವೂ ಇದೆ. 2050ರವರೆಗೆ ಸನ್ನಿವೇಶಗಳ ನಡುವೆ ಹೆಚ್ಚು ವ್ಯತ್ಯಾಸವೇ ಇಲ್ಲ. ಎಲ್ಲದರಲ್ಲೂ ಏರಿಕೆ ಸುಮಾರು 0.2 ಮೀಟರ್. ಇಪ್ಪತ್ತು ವರ್ಷ ಬಾಳುವ ಕಟ್ಟೆಗೆ ಯಾವ ಸನ್ನಿವೇಶ ಸರಿ ಎಂದು ಜಗಳವಾಡುವುದು ವ್ಯರ್ಥ. ಎಂಬತ್ತು ವರ್ಷ ಬಾಳಬೇಕಾದ ಬಂದರಿಗಾದರೆ ಆ ಜಗಳ ಆಗಲೇಬೇಕು.

ಊರಿನಿಂದ ಜಗತ್ತಿನ ಕಡೆಗೆ ಹೋಗುವ ದಾರಿ ಮಾತ್ರ ಇನ್ನೂ ಕಚ್ಚಾ ರಸ್ತೆ. ವಿಶ್ವಸಂಸ್ಥೆಯ ಕರೆಯ ಮೇರೆಗೆ ನಡೆದು 2005ರಲ್ಲಿ ಮುಗಿದ ಸಹಸ್ರಮಾನದ ಪರಿಸರ ವ್ಯವಸ್ಥೆಗಳ ಮೌಲ್ಯಮಾಪನ ಜಗತ್ತಿಗೆ ನಾಲ್ಕು ಭವಿಷ್ಯಗಳನ್ನು ಬರೆಯಿತು. ಜೊತೆಗೆ ಹಲವು ಪ್ರದೇಶಗಳಲ್ಲಿ ಬೇರೆ ಅಧ್ಯಯನಗಳೂ ನಡೆದವು. ಜನ ತಮ್ಮ ಊರಿನ ನಾಳೆಯ ಬಗ್ಗೆ ಹೇಳಿದ ಕಥೆ ಆ ನಾಲ್ಕು ಚೌಕಟ್ಟುಗಳಲ್ಲಿ ಸುಲಭವಾಗಿ ಕೂರಲಿಲ್ಲ. ನನಗೆ ಇದು ದೋಷವಾಗಿ ಕಾಣುವುದಿಲ್ಲ. ಮಿತಿ ಎಲ್ಲಿದೆ ಎಂಬುದು ಊರಿಗೇ ಗೊತ್ತು.

ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಭೂಮಿಯನ್ನೇ, ಅಂದರೆ ಉಪ್ಪುನೀರಿನ ಪಕ್ಕದ ತಗ್ಗು ಗದ್ದೆಗಳನ್ನೇ ನೋಡಿ. ಅಲ್ಲಿನ ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಳ್ಳುತ್ತದೆ, ಆದರೆ ಎಷ್ಟಾದರೂ ತಾಳುವುದಿಲ್ಲ. ಕಟ್ಟೆ ಮೀರಿ ಎಷ್ಟು ಉಬ್ಬರ ನುಗ್ಗಿದರೆ, ಯಾವ ತಿಂಗಳಲ್ಲಿ ನುಗ್ಗಿದರೆ ಬೆಳೆ ಕೈಬಿಡುತ್ತದೆ ಎಂಬುದನ್ನು ಜಿನೀವಾದಲ್ಲಿ ಕುಳಿತವರು ಹೇಳಲಾರರು, ಗದ್ದೆಯವರು ಹೇಳಬಲ್ಲರು. ಗ್ರಾಮಸಭೆಯಲ್ಲಿ ಮೊದಲು ಅದನ್ನು ಬರೆಸಿ. ಈಗಿನ ಕಟ್ಟೆ ಯಾವ ಮಟ್ಟದ ನೀರಿಗೆ ಸೋಲುತ್ತದೆ, ಮಂಜೂರಾತಿಯಿಂದ ಹಿಡಿದು ಹೊಸ ಕಟ್ಟೆ ಮುಗಿಯಲು ಎಷ್ಟು ವರ್ಷ ಬೇಕು ಎಂಬುದನ್ನೂ ಬರೆಸಿ. ಐಪಿಸಿಸಿಯ ಪುಟ ತೆರೆಯುವುದು ಆಮೇಲೆ.