33 ಇಂಚು ಹೆಚ್ಚಾದರೆ ಪಿಕಪ್‌ಗೆ ಏನಾಗುತ್ತದೆ?

ಹಿಂದೆ ಸಾಮಾನಿಗೆ ತೊಟ್ಟಿ, ಮುಂದೆ ಎರಡು ಸಾಲು ಸೀಟು. ಅಮೆರಿಕದ ಕ್ರೂ ಕ್ಯಾಬ್ ಪಿಕಪ್ ಹುಟ್ಟಿದ್ದು ಕೆಲಸದ ತಂಡ, ಸಲಕರಣೆ ಎರಡನ್ನೂ ಒಂದೇ ಗಾಡಿಯಲ್ಲಿ ಸಾಗಿಸಲು. 1957ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ತಂದ ಟ್ರಾವಲೆಟ್‌ಗೆ ಮೂರೇ ಬಾಗಿಲು. ಷೆವರ್ಲೆ ಕಾರ್ಖಾನೆ ನಾಲ್ಕು ಬಾಗಿಲಿನ ಪಿಕಪ್ ಕೊಟ್ಟಿದ್ದು 1973ರ ಮಾದರಿಯಿಂದ. ಅದಕ್ಕಿಂತ ಹಳೆಯ ಷೆವರ್ಲೆಗೆ ನಾಲ್ಕು ಬಾಗಿಲು ಕಂಡರೆ ಯಾರೋ ಕೊಯ್ದು ಬೆಸೆದಿದ್ದಾರೆ ಎಂದೇ ಲೆಕ್ಕ.

ಬೆಸೆಯುವುದು ಒಂದೇ ಸಾಲು ಸೀಟಿನ ಎರಡು ಸಾದಾ ಕ್ಯಾಬ್‌ಗಳನ್ನು: ಒಂದರ ಹಿಂಗೋಡೆ ತೆಗೆದು, ಇನ್ನೊಂದರ ಡ್ಯಾಶ್‌ಬೋರ್ಡ್ ಭಾಗ ಕಳೆದು ಜೋಡಿಸುತ್ತಾರೆ. ಗರಗಸ ಇಡುವ ಮುಂಚೆ ಬಾಗಿಲ ಚೌಕಟ್ಟುಗಳಿಗೆ 25 ಮಿ.ಮೀ. ಚೌಕ ಪೈಪಿನ ಆಧಾರ ಕೊಡದಿದ್ದರೆ ಕ್ಯಾಬ್ ಸೊಟ್ಟಗಾಗುತ್ತದೆ, ಆಮೇಲೆ ಬಾಗಿಲು ಕೂರುವುದಿಲ್ಲ. ತಗಡಿನ ದಪ್ಪ ಸುಮಾರು 1 ಮಿ.ಮೀ. ಅಷ್ಟೇ, ಒಂದೇ ಉಸಿರಿಗೆ ಬೆಸೆದರೆ ಹಪ್ಪಳದಂತೆ ಸುರುಟುತ್ತದೆ. 25 ಮಿ.ಮೀ.ಗೊಂದು ಚುಕ್ಕಿ ಹಾಕಿ, ಆರಲು ಬಿಟ್ಟು, ಮತ್ತೆ ನಡುವಿನ ಜಾಗ ತುಂಬಬೇಕು. ಮುಂದಿನ ಬಾಗಿಲನ್ನು ಹಿಂದಕ್ಕೆ ಹಾಕುವಾಗ ಅದರ ಗಾಜಿನ ಚೌಕಟ್ಟಿನ ಓರೆಯನ್ನೂ ನೆಟ್ಟಗೆ ಮಾಡಬೇಕು. ಅದು ವಿಂಡ್‌ಶೀಲ್ಡ್‌ನ ಓರೆಗೆ ತಕ್ಕಂತೆ ಮಾಡಿದ್ದಲ್ಲವೇ!

ಇಷ್ಟು ಕಣ್ಣಿಗೆ ಕಾಣುವ ಕೆಲಸ. ನಿಜವಾದ ತಕರಾರು ಗಾಡಿಯ ಅಡಿಯಲ್ಲಿ. 1973ರ ನಂತರದ ಷೆವರ್ಲೆಯಲ್ಲಿ ಉದ್ದ ತೊಟ್ಟಿಯ ಸಾದಾ ಪಿಕಪ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 131.5 ಇಂಚು, ಕ್ರೂ ಕ್ಯಾಬ್‌ನದು 164.5, ಅಂದರೆ 33 ಇಂಚು ಹೆಚ್ಚು. ತೊಲೆಯ ಬಾಗು ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ, ಅದೇ ಚಾಸಿಸ್ ಕಂಬಿಯನ್ನು ಕಾಲುಭಾಗ ಉದ್ದ ಮಾಡಿದರೆ ಅದೇ ಭಾರಕ್ಕೆ ಸುಮಾರು ಎರಡು ಪಟ್ಟು ಬಾಗುತ್ತದೆ. ಕಾರ್ಖಾನೆಯ ಕ್ರೂ ಕ್ಯಾಬ್ ಚಾಸಿಸ್ ಸಿಕ್ಕರೆ ಅದನ್ನೇ ಹಾಕುವುದು ಜಾಣತನ.

ಚಾಸಿಸ್‌ಗಿಂತ ಬೇಗ ಮುನಿಯುವುದು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್ ಬಾಕ್ಸಿನ ತಿರುಗುಬಲವನ್ನು ಹಿಂದಿನ ಚಕ್ರಗಳ ಕಡೆಗೆ ಒಯ್ಯುವ ಕೊಳವೆ. ಪ್ರತಿ ಶಾಫ್ಟಿಗೂ ಒಂದು ವೇಗವಿದೆ. ಅದನ್ನು ಮುಟ್ಟಿದರೆ ಹಗ್ಗದಾಟದ ಹಗ್ಗದಂತೆ ನಡುವೆ ಬಿಲ್ಲಾಗಿ ಬೀಸತೊಡಗುತ್ತದೆ. ಉದ್ದ ಎರಡು ಪಟ್ಟಾದರೆ ಆ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. 3 ಇಂಚು ವ್ಯಾಸ, 2.1 ಮಿ.ಮೀ. ದಪ್ಪದ ಉಕ್ಕಿನ ಕೊಳವೆ ತಗೊಳ್ಳಿ. 60 ಇಂಚಿದ್ದಾಗ ಮಿತಿ ನಿಮಿಷಕ್ಕೆ ಸುಮಾರು 5,400 ಸುತ್ತು. 33 ಇಂಚು ಸೇರಿಸಿದರೆ 2,250. ಡಿಫರೆನ್ಶಿಯಲ್ ಅನುಪಾತ 3.73 (ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.73 ಸುತ್ತು), ಟೈರು 30 ಇಂಚಿನದಾದರೆ ಗಾಡಿ ಗಂಟೆಗೆ 86 ಕಿ.ಮೀ. ಮುಟ್ಟುವಷ್ಟರಲ್ಲಿ ಇದು ಬರುತ್ತದೆ. ನಡುಕ ಅದಕ್ಕೂ ಮೊದಲೇ ಶುರು.

ಪರಿಹಾರ ನಮ್ಮ ಲಾರಿ ಚಾಲಕರಿಗೆಲ್ಲ ಗೊತ್ತಿರುವುದೇ: ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ಸೆಂಟರ್ ಬೇರಿಂಗ್ ಕೂರಿಸುವುದು. 93 ಇಂಚು ಅರ್ಧಕ್ಕರ್ಧ ಆದರೆ ಮಿತಿ 9,000 ಸುತ್ತಿನ ಹತ್ತಿರಕ್ಕೆ ಏರುತ್ತದೆ. ಬೇರಿಂಗನ್ನು ಚಾಸಿಸ್ಸಿನ ಅಡ್ಡಪಟ್ಟಿಗೆ ಬಿಗಿಯಬೇಕು, ತೆಳು ನೆಲದ ತಗಡಿಗಲ್ಲ. ಹಿಂದಿನ ತುಂಡಿನ ಎರಡೂ ತುದಿಯ ಯೋಕ್‌ಗಳು (ಜಾಯಿಂಟ್ ಹಿಡಿಯುವ ಕವಲುಗಳು) ಒಂದೇ ಸಮಕ್ಕೆ ಇರಬೇಕು. ಶಾಫ್ಟ್ ಒಂದರೊಳಗೊಂದು ಕೂರುವ ಹಲ್ಲಿನ ಭಾಗ ಸ್ಪ್ಲೈನ್; ಅದರಲ್ಲಿ ಒಂದು ಹಲ್ಲು ಆಚೀಚೆ ಕೂತರೂ ನಡುಕ ಮರಳುತ್ತದೆ, ಆದ್ದರಿಂದ ಬಿಚ್ಚುವ ಮುಂಚೆಯೇ ಬಣ್ಣದ ಗೆರೆ ಎಳೆದುಕೊಳ್ಳಿ. ಶಾಫ್ಟಿನ ತುದಿಗಳನ್ನು ಕೂಡಿಸುವ ಕ್ರಾಸ್ ಜಾಯಿಂಟ್‌ಗೆ ಒಂದೆರಡು ಡಿಗ್ರಿ ಕೋನ ಬೇಕೇ ಬೇಕು. ಪೂರ್ತಿ ನೆಟ್ಟಗಿದ್ದರೆ ಒಳಗಿನ ಸೂಜಿ ರೋಲರುಗಳು ಉರುಳದೆ, ನಿಂತಲ್ಲೇ ಕ್ರಾಸಿನ ಮೇಲೆ ಗೆರೆಗೆರೆ ತಗ್ಗು ಕೊರೆಯುತ್ತವೆ.